ರೋಟರಿಗೆ ಪಳಗಿದ ಕೈಗೆ ಡಿಎ ಮಷೀನ್ ಒಗ್ಗುತ್ತಿಲ್ಲ, ಏನು ಮಾಡಲಿ?

ಕಪ್ಪು ಬಾನೆಟ್:

ಎಲ್ಲರಿಗೂ ನಮಸ್ಕಾರ. ಕಾರಿನ ಬಣ್ಣ ಉಜ್ಜಿ ಹೊಳಪು ತರಲು ಆರು ವರ್ಷದಿಂದ ರೋಟರಿ, ಅಂದರೆ ಪ್ಯಾಡ್ ಒಂದೇ ಕಡೆಗೆ ಸುತ್ತುವ ಪಾಲಿಶಿಂಗ್ ಮಷೀನ್ ಬಳಸುತ್ತಿದ್ದೇನೆ. ಇದು ನನ್ನ ಕಸುಬಲ್ಲ. ನನ್ನ ಕಾರು, ಅಣ್ಣನ ಕಾರು, ಒಬ್ಬಿಬ್ಬರು ಗೆಳೆಯರ ಕಾರು, ಅಷ್ಟೇ. ಆದರೆ ಈ ಕೆಲಸ ನನಗೆ ತುಂಬ ಇಷ್ಟ.

ನನ್ನ ಕಾರು ಕಪ್ಪು. ರೋಟರಿಯಲ್ಲಿ ಗೀರು ಚೆನ್ನಾಗಿ ಹೋಗುತ್ತದೆ. ನೆರಳಲ್ಲಿ ನೋಡಿದರೆ ಕನ್ನಡಿ. ಬಿಸಿಲಿಗೆ ತಂದು ನಿಲ್ಲಿಸಿದರೆ ಮಾತ್ರ ಬಾನೆಟ್ ತುಂಬ ಬಾಗಿದ ಪಟ್ಟೆಗಳು. ಮಷೀನ್ ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪಟ್ಟೆಯೂ ಜೊತೆಗೇ ಸರಿಯುತ್ತದೆ. ಹಾಲೋಗ್ರಾಮ್ ಅನ್ನುತ್ತಾರಲ್ಲ, ಅದೇ. ಮೆತ್ತನೆ ಪ್ಯಾಡ್ ಹಾಕಿದೆ, ವೇಗ ಇಳಿಸಿದೆ. ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ.

ಅದಕ್ಕೇ ಡ್ಯುಯಲ್ ಆಕ್ಷನ್ (ಡಿಎ) ಮಷೀನ್ ತಂದೆ, ಪ್ಯಾಡ್ ಅಲುಗುತ್ತಾ ಸುತ್ತುವಂಥದ್ದು. 15 ಮಿಮೀ ಥ್ರೋ (ಅಲುಗುವ ಅಗಲ), ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ 5 ಇಂಚಿನದು. ಮೂರು ಭಾನುವಾರ ಇದರ ಜೊತೆ ಕಳೆದಿದ್ದೇನೆ. ಹಾಲೋಗ್ರಾಮ್ ಇಲ್ಲ, ನಿಜ. ಆದರೆ ಗೀರೂ ಹೋಗುತ್ತಿಲ್ಲ! ಬಾನೆಟ್ ನಡುವೆ ಪರವಾಗಿಲ್ಲ. ಬಾಗಿಲಿನ ಕೆಳಗೆ ಒಂದು ಮಡಿಕೆ ಇದೆ, ಅಲ್ಲಿಗೆ ಬಂದರೆ ಪ್ಯಾಡ್ ತಿರುಗುವುದೇ ಇಲ್ಲ, ಸುಮ್ನೆ ನಡುಗುತ್ತದೆ. ರೋಟರಿಯಲ್ಲಿ ಬಳಸುತ್ತಿದ್ದ ಅದೇ ಕಾಂಪೌಂಡ್ (ಗೀರು ತೆಗೆಯುವ ಪೇಸ್ಟ್) ಇಲ್ಲಿ ಅರ್ಧ ನಿಮಿಷಕ್ಕೇ ಒಣಗಿ ಪುಡಿಯಾಗಿ ಹಾರುತ್ತದೆ. ಒಂದು ಬಾಗಿಲು ಮುಗಿಯುವಷ್ಟರಲ್ಲಿ ಬಲಗೈ ಬೆರಳೆಲ್ಲ ಜೋಮು.

ತಪ್ಪು ನನ್ನ ಕೈಯಲ್ಲಿದೆಯೋ, ಮಷೀನ್‌ನಲ್ಲಿದೆಯೋ? ಇದನ್ನು ಬಿಟ್ಟು ಫೋರ್ಸ್ಡ್ ರೊಟೇಶನ್, ಅಂದರೆ ಗೇರ್‌ನಿಂದಲೇ ಪ್ಯಾಡ್ ತಿರುಗಿಸುವ ಡಿಎ ತೆಗೆದುಕೊಳ್ಳಲಾ? ಅಥವಾ ರೋಟರಿಗೇ ವಾಪಸ್ ಹೋಗಲಾ?


ಭಾನುವಾರದ ಕೆಲಸ:

ಬೇರೆ ಏನು ಮಾಡುವ ಮೊದಲು, ಬ್ಯಾಕಿಂಗ್ ಪ್ಲೇಟ್ ಅಂಚಿನ ಮೇಲೆ ಮಾರ್ಕರ್‌ನಲ್ಲಿ ದಪ್ಪನೆ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಕಣ್ಣು ಆ ಗೆರೆಯ ಮೇಲಿರಲಿ. ಗೆರೆ ಸುತ್ತುತ್ತಿದ್ದರೆ ಪ್ಯಾಡ್ ಕೆಲಸ ಮಾಡುತ್ತಿದೆ. ಗೆರೆ ಒಂದೇ ಕಡೆ ನಿಂತು ನಡುಗುತ್ತಿದ್ದರೆ ಗೀರು ಹೋಗುವುದಿಲ್ಲ. ಶಬ್ದ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ಕಿವಿಯನ್ನು ನಂಬಬೇಡಿ.

ಯಾವ ಪ್ಯಾಡ್ ಹಾಕಿದ್ದೀರಿ ಅಂತ ಬರೆದಿಲ್ಲ. ದಪ್ಪ ಎಷ್ಟು?


ಕಪ್ಪು ಬಾನೆಟ್:

ರೋಟರಿಗೆ ಇಟ್ಟುಕೊಂಡಿದ್ದ ಫೋಮ್ ಪ್ಯಾಡ್‌ಗಳನ್ನೇ ಹಾಕಿದ್ದೇನೆ. ಆರೂವರೆ ಇಂಚು ಅಗಲ. ಅಳೆದು ನೋಡಿದೆ, ದಪ್ಪ ನಾಲ್ಕು ಸೆಂಟಿಮೀಟರ್ ಹತ್ತಿರ ಇದೆ. ವೆಲ್ಕ್ರೋ ಕೂರುತ್ತದೆ ಅಂತ ಹಾಕಿಬಿಟ್ಟೆ.


ಮೈಕ್ರಾನ್:

ಕಪ್ಪು ಬಾನೆಟ್ ಅವರೇ, ನಿಮ್ಮ ಪ್ರಶ್ನೆ ಓದುತ್ತಾ ನನ್ನ ಹಳೆಯ ದಿನಗಳೇ ಕಣ್ಣ ಮುಂದೆ ಬಂದವು. ಒಂಬತ್ತು ವರ್ಷ ರೋಟರಿ ಹಿಡಿದು ಆಮೇಲೆ ಡಿಎಗೆ ಬಂದವನು ನಾನು. ಈಗ ಎರಡೂ ಬಳಸುತ್ತೇನೆ, ಒಂದೇ ಕಾರಿನ ಮೇಲೆ ಒಂದೇ ದಿನ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮಷೀನ್ ಚೆನ್ನಾಗಿದೆ. ಪ್ಯಾಡ್ ಬದಲಿಸಬೇಕು, ಕೈಯನ್ನೂ ಬದಲಿಸಬೇಕು. ಯಾಕೆ ಅಂದರೆ, ರೋಟರಿಯಲ್ಲಿ ಮೋಟಾರು ನೇರವಾಗಿ ಗೇರ್ ಮೂಲಕ ಪ್ಯಾಡನ್ನು ತಿರುಗಿಸುತ್ತದೆ. ನೀವು ಒತ್ತಿ, ವಾಲಿಸಿ, ಏನೇ ಮಾಡಿ, ಅದು ತಿರುಗುತ್ತಲೇ ಇರುತ್ತದೆ. ನಿಮ್ಮ ಡಿಎಯಲ್ಲಿ ಹಾಗಲ್ಲ. ಮೋಟಾರು ತಿರುಗಿಸುವುದು ನಡುವಿನಿಂದ ಪಕ್ಕಕ್ಕೆ ಸರಿಸಿ ಕೂರಿಸಿದ ಒಂದು ಕೀಲನ್ನು. ಪ್ಯಾಡ್ ಆ ಕೀಲಿನ ಬೇರಿಂಗ್ ಮೇಲೆ ಸಡಿಲವಾಗಿ ಕೂತಿರುತ್ತದೆ. ಲೋಟದಲ್ಲಿ ನೀರು ಹಾಕಿ, ಲೋಟವನ್ನು ಕೈಯಲ್ಲಿ ಸಣ್ಣ ಸುತ್ತಾಗಿ ಅಲುಗಿಸಿ ನೋಡಿ. ಲೋಟ ತಿರುಗುತ್ತಿಲ್ಲ, ಆದರೆ ಒಳಗಿನ ನೀರು ತಾನಾಗಿ ಸುತ್ತುತ್ತದೆ ಅಲ್ವಾ? ಪ್ಯಾಡ್ ತಿರುಗುವುದೂ ಹೆಚ್ಚು ಕಡಿಮೆ ಹಾಗೆಯೇ. ಯಾರೂ ಹಿಡಿದು ತಿರುಗಿಸುತ್ತಿಲ್ಲ. ಮಷೀನ್ ನಿಮಿಷಕ್ಕೆ ನಾಲ್ಕೈದು ಸಾವಿರ ಸಲ ಅಲುಗಿದರೂ ಪ್ಯಾಡ್ ಪೂರ್ತಿ ಸುತ್ತುವುದು ಕೆಲವು ನೂರು ಸಲ ಮಾತ್ರ. ಯಾವುದಾದರೂ ಒಂದು ಕಡೆ ಜಾಸ್ತಿ ಒತ್ತಿದಿರೋ, ಅದೂ ನಿಂತಿತು.

ರೋಟರಿಯವರ ಕೈಗೆ ಒಂದು ಅಭ್ಯಾಸ ಇರುತ್ತದೆ, ನಮಗೇ ಗೊತ್ತಿರುವುದಿಲ್ಲ. ಪ್ಯಾಡಿನ ಒಂದು ಅಂಚನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತೇವೆ. ಹಾಗೆ ಹಿಡಿದರೆ ಮಷೀನ್ ಅತ್ತಿತ್ತ ಎಳೆದಾಡದೆ ಹೇಳಿದ ಹಾಗೆ ಕೇಳುತ್ತದೆ. ಆರು ವರ್ಷದಲ್ಲಿ ನಿಮ್ಮ ಮಣಿಕಟ್ಟು ಅದನ್ನು ಕಲಿತಿರುತ್ತದೆ. ಡಿಎ ಹಿಡಿದಾಗಲೂ ಅದೇ ಮಾಡುತ್ತಿರುತ್ತೀರಿ. ನಾನು ಗೆರೆ ಎಳೆದುಕೊಂಡು ಮೊದಲ ಸಲ ನೋಡಿದ ದಿನ ಇನ್ನೂ ನೆನಪಿದೆ. ಮುಂದಿನ ಮಡ್‌ಗಾರ್ಡ್ ಮೇಲೆ ಮಷೀನ್ ಇಟ್ಟಿದ್ದೆ. ಗೆರೆ ನಿಂತಿತ್ತು. ಬಲ ಮೊಣಕೈಯನ್ನು ಎರಡು ಬೆರಳಷ್ಟು ಕೆಳಗಿಳಿಸಿದೆ. ತಕ್ಷಣ ಗೆರೆ ಸುತ್ತತೊಡಗಿತು. ಮತ್ತೆ ಮೊಣಕೈ ಎತ್ತಿದೆ, ನಿಂತಿತು. ಹತ್ತು ಸಲ ಹಾಗೇ ಮಾಡಿದೆ. ಅಲ್ಲಿಯವರೆಗೆ ನಾನು ಪ್ಯಾಡ್ ಚಪ್ಪಟೆಯಾಗಿ ಹಿಡಿದಿದ್ದೇನೆ ಅಂತಲೇ ನಂಬಿದ್ದೆ.

ನೀವು ಹೇಳುವ ಬಾಗಿಲಿನ ಮಡಿಕೆ ನಿಜಕ್ಕೂ ಕಷ್ಟದ ಜಾಗ. ಅಲ್ಲಿ ಚಪ್ಪಟೆಯಾಗಿ ಇಡಲು ಚಪ್ಪಟೆ ಜಾಗವೇ ಇಲ್ಲ. ಮಡಿಕೆಯ ಮೇಲಿನ ಭಾಗವನ್ನು ಬೇರೆ, ಕೆಳಗಿನ ಭಾಗವನ್ನು ಬೇರೆ ಮಾಡಿ. ಏಣಿನ ಮೇಲೆ ಪ್ಯಾಡಿನ ನಡುಭಾಗ ಬರದ ಹಾಗೆ ನೋಡಿಕೊಳ್ಳಿ. ಒತ್ತಡ ಕಡಿಮೆ ಮಾಡಿ, ವೇಗ ಒಂದು ಹಂತ ಏರಿಸಿ.

ಇನ್ನು ಆ ಪ್ಯಾಡ್. ನಾಲ್ಕು ಸೆಂಟಿಮೀಟರ್ ದಪ್ಪದ ಫೋಮ್ ಡಿಎಗೆ ಆಗುವುದಿಲ್ಲ. ಮಷೀನ್ ಅಲುಗುವುದನ್ನೆಲ್ಲ ಫೋಮೇ ನುಂಗಿಬಿಡುತ್ತದೆ. ಪ್ಲೇಟ್ 15 ಮಿಮೀ ಅಲುಗುತ್ತದೆ, ಬಣ್ಣಕ್ಕೆ ತಾಗುವ ಮುಖ ಅಷ್ಟು ಅಲುಗುವುದಿಲ್ಲ. ಎರಡು, ಎರಡೂವರೆ ಸೆಂಟಿಮೀಟರ್ ದಪ್ಪದ್ದು ತೆಗೆದುಕೊಳ್ಳಿ. ಅಗಲ ಪ್ಲೇಟಿಗಿಂತ ಅರ್ಧ ಇಂಚು ಜಾಸ್ತಿ ಇದ್ದರೆ ಸಾಕು. ನಿಮ್ಮ ಜೋಮಿಗೂ ಇದೇ ಒಂದು ಕಾರಣ. ಡಿಎ ಮಷೀನ್ ಒಳಗೆ ಒಂದು ತೂಕದ ಕಲ್ಲಿನ ಥರದ್ದು ಇರುತ್ತದೆ. ಆ ಪ್ಲೇಟ್, ಆ ಪ್ಯಾಡಿನ ಭಾರಕ್ಕೆ ಸರಿದೂಗುವ ಹಾಗೆ ಕೂರಿಸಿರುತ್ತಾರೆ. ನೀವು ಅಗಲವಾದ ದಪ್ಪ ಪ್ಯಾಡ್ ಹಾಕಿದಿರಿ, ಅದರಲ್ಲಿ ಕಾಂಪೌಂಡ್ ಬೇರೆ ಹೀರಿಕೊಂಡಿದೆ. ತಕ್ಕಡಿ ತಪ್ಪಿತು. ಆ ನಡುಕವೆಲ್ಲ ನಿಮ್ಮ ಕೈಗೆ ಬರುತ್ತಿದೆ. ಇನ್ನೊಂದು ಕಾರಣ, ಗಟ್ಟಿಯಾಗಿ ಹಿಡಿಯುವುದು. ರೋಟರಿ ತಪ್ಪಿಸಿಕೊಂಡು ಹೋಗುತ್ತದೆ ಅಂತ ಬಿಗಿ ಹಿಡಿದು ರೂಢಿ. ಇದು ಎಲ್ಲಿಗೂ ಓಡುವುದಿಲ್ಲ. ಸಡಿಲ ಬಿಡಿ. ಇಷ್ಟಾದರೂ ಜೋಮು ಬಂದರೆ ಕೆಲಸ ನಿಲ್ಲಿಸಿ ಕೈಗೆ ಬಿಡುವು ಕೊಡಿ, ಸಹಿಸಿಕೊಂಡು ಮುಂದುವರಿಸಬೇಡಿ. ನಡುಕದಿಂದ ಬೆರಳಿನ ನರಗಳಿಗೆ ಆಗುವ ಪೆಟ್ಟು ಒಮ್ಮೊಮ್ಮೆ ವಾಪಸ್ ಹೋಗುವುದೇ ಇಲ್ಲ.

ಕೈಯ ವೇಗದ ಮಾತು ಇನ್ನೂ ಮುಖ್ಯ. ರೋಟರಿಯಲ್ಲಿ ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ, ಅದಕ್ಕೆ ಕೈ ಓಡುತ್ತಲೇ ಇರುತ್ತದೆ. ಡಿಎಯಲ್ಲಿ ಹಾಗೆ ಓಡಿಸಿದರೆ ಏನೂ ಕೆಲಸ ಆಗುವುದಿಲ್ಲ. ಸೆಕೆಂಡಿಗೆ ಎರಡರಿಂದ ಮೂರು ಸೆಂಟಿಮೀಟರ್. ಅಂದರೆ ಅರ್ಧ ಮೀಟರ್ ದಾಟಲು ಇಪ್ಪತ್ತು ಸೆಕೆಂಡ್ ಬೇಕು. ಗಡಿಯಾರ ಇಟ್ಟುಕೊಂಡು ನೋಡಿ. ನಾನು ಮೊದಲು ಅಳೆದಾಗ ಐದು ಸೆಕೆಂಡಿಗೆ ದಾಟುತ್ತಿದ್ದೆ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕ ಹಿಡಿಯಿರಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಹೀಗೆ ನಾಲ್ಕರಿಂದ ಆರು ಸಲ. ಗೀರು ತೆಗೆಯುವಾಗ ಮಷೀನ್ ಭಾರವೂ ಸೇರಿ ಐದಾರು ಕಿಲೋ ಒತ್ತಡ ಸಾಕು. ಅಂದಾಜು ಸಿಗದಿದ್ದರೆ, ಮಷೀನ್ ಬಂದ್ ಮಾಡಿ, ತೂಕ ನೋಡುವ ಯಂತ್ರದ ಮೇಲೆ ಪ್ಯಾಡ್ ಇಟ್ಟು ಒತ್ತಿ ನೋಡಿ. ಕೈಗೆ ಬೇಗ ನೆನಪುಳಿಯುತ್ತದೆ. ಕೊನೆಯ ಎರಡು ಸಲ ಮಷೀನ್ ಭಾರವೊಂದೇ ಇರಲಿ.

ಪುಡಿ ಹಾರುವುದಕ್ಕೆ: ಹೊಸ ಪ್ಯಾಡಿನ ಮುಖಕ್ಕೆಲ್ಲ ಮೊದಲ ಸಲ ಕಾಂಪೌಂಡ್ ತೆಳ್ಳಗೆ ಸವರಿ. ಆಮೇಲೆ ಬಟಾಣಿ ಗಾತ್ರದ ನಾಲ್ಕು ಚುಕ್ಕೆ ಸಾಕು. ಪ್ರತಿ ಚೌಕ ಮುಗಿದ ಮೇಲೆ ಬ್ರಷ್‌ನಿಂದ ಪ್ಯಾಡ್ ಉಜ್ಜಿ. ಉಜ್ಜುವಾಗ ಉದುರುವ ಆ ಬೂದು ಪುಡಿಯಲ್ಲಿ ನಿಮ್ಮ ಕ್ಲಿಯರ್ ಕೋಟೂ (ಬಣ್ಣದ ಮೇಲಿನ ಪಾರದರ್ಶಕ ಪದರ) ಇದೆ. ಅದನ್ನು ಪ್ಯಾಡಿನಲ್ಲೇ ಬಿಟ್ಟರೆ ಮುಂದಿನ ಚೌಕಕ್ಕೆ ಅದೇ ಗೀರುತ್ತದೆ. ಬಿಸಿಲಲ್ಲಿ ಕಾದ ತಗಡಿನ ಮೇಲೆ ಕೆಲಸ ಮಾಡಿದರೂ ಬೇಗ ಒಣಗುತ್ತದೆ. ಅಂಗೈ ಇಟ್ಟರೆ ತಣ್ಣಗಿರಬೇಕು.

ಫೋರ್ಸ್ಡ್ ರೊಟೇಶನ್ ಬಗ್ಗೆ ನನಗಿಂತ ಅನುಭವ ಇರುವವರು ಹೇಳಲಿ. ಆದರೆ ದಯವಿಟ್ಟು ಇದಕ್ಕೆ ಇನ್ನೆರಡು ಭಾನುವಾರ ಕೊಡಿ.


ಹಳೇ ರೋಟರಿ:

ಮೈಕ್ರಾನ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಒಂದು ಮಾತು ಮಾತ್ರ ಸೇರಿಸಲೇಬೇಕು. ಹಾಲೋಗ್ರಾಮ್ ಬಂತು ಅಂತ ರೋಟರಿಯನ್ನು ಮೂಲೆಗೆ ಹಾಕಬೇಡಿ.

ರೋಟರಿಯಲ್ಲಿ ಪ್ರತಿ ಕಣವೂ ಒಂದೇ ಕಡೆಗೆ, ಒಂದೇ ಬಾಗಿನಲ್ಲಿ ಓಡುತ್ತದೆ. ಅದು ಬಿಡುವ ಸಣ್ಣ ಗೆರೆಗಳೆಲ್ಲ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಬೆಳಕು ಬಿದ್ದರೆ ಎಲ್ಲವೂ ಒಟ್ಟಿಗೆ ಹೊಳೆಯುತ್ತವೆ. ಅದೇ ನೀವು ನೋಡುವ ಪಟ್ಟೆ. ಡಿಎಯಲ್ಲಿ ಕಣದ ದಾರಿ ತನ್ನ ಮೇಲೆ ತಾನೇ ಹಾದು ಹೋಗುತ್ತದೆ, ಗೆರೆಗಳು ಎಲ್ಲ ದಿಕ್ಕಿಗೂ ಚೆದುರುತ್ತವೆ, ಕಣ್ಣಿಗೆ ಪಟ್ಟೆ ಕಾಣುವುದಿಲ್ಲ. ಹಾಗಂತ ಡಿಎ ಗೆರೆ ಬಿಡುವುದೇ ಇಲ್ಲ ಅಂತಲ್ಲ. ಮೆತ್ತನೆ ಬಣ್ಣದ ಮೇಲೆ ಒರಟು ಪ್ಯಾಡ್ ಹಾಕಿದರೆ ಮಂಜು ಕವಿದ ಹಾಗೆ ಕಾಣುತ್ತದೆ. ಅದಕ್ಕೂ ಮೆತ್ತನೆ ಪ್ಯಾಡಿನ ಇನ್ನೊಂದು ಸುತ್ತು ಬೇಕೇ ಬೇಕು.

ಉಪ್ಪುಕಾಗದ ಹಾಕಿ ತಿಕ್ಕಿದ ಗುರುತು, ಗಟ್ಟಿ ಕ್ಲಿಯರ್ ಕೋಟಿನ ಆಳದ ಗೀರು, ಕನ್ನಡಿಯ ಹಿಂದಿನ ಇಕ್ಕಟ್ಟು. ಇವಕ್ಕೆಲ್ಲ ನಾನು ಈಗಲೂ ರೋಟರಿಯನ್ನೇ ಎತ್ತಿಕೊಳ್ಳುತ್ತೇನೆ. ಉಣ್ಣೆ ಪ್ಯಾಡ್, ನಿಮಿಷಕ್ಕೆ 1200 ಸುತ್ತಿನಿಂದ ಶುರು. 1800ರ ಮೇಲೆ ಹೋಗುವ ಅಗತ್ಯ ನನಗೆ ಬಂದಿದ್ದು ತೀರಾ ಕಡಿಮೆ.

ಇಲ್ಲಿ ಓದುತ್ತಿರುವವರಲ್ಲಿ ಡಿಎಯಿಂದ ರೋಟರಿಗೆ ಹೋಗುವವರೂ ಇರಬಹುದು. ಅವರಿಗೆ ಹೇಳುವುದೇ ನನಗೆ ಹೆಚ್ಚು ಮುಖ್ಯ. ಡಿಎ ತಪ್ಪನ್ನು ಕ್ಷಮಿಸುತ್ತದೆ. ರೋಟರಿ ಎರಡು ಸೆಕೆಂಡ್ ಕೂಡ ಕೊಡುವುದಿಲ್ಲ. ನಾನು ಒಂದು ಕೆಂಪು ಕಾರಿನ ಹಿಂದಿನ ಬಂಪರ್ ಮೂಲೆಯಲ್ಲಿ ಬಣ್ಣ ಸುಟ್ಟಿದ್ದೇನೆ. ಟೇಪ್ ಹಚ್ಚಿರಲಿಲ್ಲ. ಒಂದು ಸಲ ಮಷೀನ್ ಮೂಲೆ ದಾಟಿತು, ವಾಪಸ್ ಬಂತು. ಒರೆಸಿ ನೋಡಿದರೆ ಉಗುರಗಲದ ಬೂದು ಪ್ರೈಮರ್ ಕಾಣುತ್ತಿತ್ತು. ಆ ಬಂಪರ್‌ಗೆ ಪೂರ್ತಿ ಹೊಸ ಬಣ್ಣ ಹೊಡೆಸಬೇಕಾಯಿತು. ಪ್ಲಾಸ್ಟಿಕ್ಕು ತಗಡಿನ ಹಾಗೆ ಬಿಸಿಯನ್ನು ಹರಡಿ ಕಳಿಸುವುದಿಲ್ಲ, ಬಿಸಿ ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಮೂಲೆ, ಏಣುಗಳಲ್ಲಿ ಬಣ್ಣ ಮೊದಲೇ ತೆಳು.

ಎಷ್ಟು ತೆಳು ಅಂತ ಒಂದು ಅಂದಾಜು ಇರಲಿ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40. ಒಂದು ಜೆರಾಕ್ಸ್ ಹಾಳೆಯೇ 100 ಮೈಕ್ರಾನ್ ದಪ್ಪ ಇರುತ್ತದೆ. ನಾವು ಉಜ್ಜುವುದು ಅರ್ಧ ಹಾಳೆಗಿಂತ ತೆಳುವಾದ ಪದರವನ್ನು. ದಪ್ಪ ಅಳೆಯುವ ಗೇಜ್ ಇದ್ದರೆ ಒಳ್ಳೆಯದು, ಆದರೆ ಸಾಮಾನ್ಯ ಗೇಜ್ ಒಟ್ಟು ದಪ್ಪವನ್ನು ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ.

ಆದ್ದರಿಂದ ಏಣುಗಳಿಗೆಲ್ಲ ಮಾಸ್ಕಿಂಗ್ ಟೇಪ್. ವೈರ್ ಹೆಗಲ ಮೇಲೆ. ಪ್ಯಾಡ್ ತಗಡಿಗೆ ತಾಗಿದ ಮೇಲೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಕಾಂಪೌಂಡ್ ಎಲ್ಲ ಗೋಡೆಗೆ. ಅಂಚಿನ ಹತ್ತಿರ ಹೋದಾಗ ಪ್ಯಾಡ್ ಯಾವ ಕಡೆ ಸುತ್ತುತ್ತಿದೆ ನೋಡಿ. ಅಂಚಿನಿಂದ ಹೊರಗೆ ಇಳಿದು ಹೋಗುವ ಹಾಗೆ ಸುತ್ತಬೇಕು. ಹೊರಗಿನಿಂದ ಬಂದು ಅಂಚಿಗೆ ಹೊಡೆಯುವ ಹಾಗೆ ಸುತ್ತಿದರೆ ಅಂಚೇ ಸವೆಯುತ್ತದೆ.


ಎಂಟು ಮಿಮೀ:

ಫೋರ್ಸ್ಡ್ ರೊಟೇಶನ್ ಕೇಳಿದ್ದರಲ್ಲ. ನನ್ನ ಹತ್ತಿರ ಫ್ಲೆಕ್ಸ್ 3401 ಇದೆ. ಅದು 8 ಮಿಮೀ ಥ್ರೋ ಮಷೀನ್. ಅಲುಗುವುದರ ಜೊತೆಗೆ ಗೇರ್ ಪ್ಯಾಡನ್ನು ತಿರುಗಿಸಿಯೇ ತಿರುಗಿಸುತ್ತದೆ. ಹಾಗಾಗಿ ನಿಮ್ಮ ಬಾಗಿಲಿನ ಮಡಿಕೆಯಲ್ಲಿ ನಿಲ್ಲುವುದಿಲ್ಲ. ರೋಟರಿಯಷ್ಟು ಹಾಲೋಗ್ರಾಮ್ ಭಯವೂ ಇಲ್ಲ. ರೋಟರಿ ಕೈಗೆ ಇದು ಬೇಗ ಒಗ್ಗುತ್ತದೆ, ಯಾಕೆಂದರೆ ಇದೂ ಅತ್ತಿತ್ತ ಎಳೆಯುತ್ತದೆ. ವಾಲಿಸಿದರೆ ಒಂದು ಕಡೆಗೆ ನಡೆದೇ ಬಿಡುತ್ತದೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಲೇ ತೆಗೆದುಕೊಳ್ಳುತ್ತಿರಲಿಲ್ಲ. ಪ್ಯಾಡ್ ನಿಲ್ಲುವುದು ಒಂದು ರೀತಿಯಲ್ಲಿ ಕಾವಲು ಕೂಡ ಹೌದು. ಮೂಲೆಯಲ್ಲಿ ತಪ್ಪಾಗಿ ಒತ್ತಿದರೆ ನಿಮ್ಮ ಮಷೀನ್ ಸುಮ್ಮನಾಗುತ್ತದೆ. ನನ್ನದು ಸುಮ್ಮನಾಗುವುದಿಲ್ಲ. ನಡುಕವೂ ಇದರಲ್ಲಿ ಕಡಿಮೆಯೇನಲ್ಲ. ಕೈ ಜೋಮಿಗಾಗಿ ಬದಲಿಸುವುದಾದರೆ ಬೇಡ.


ಕಪ್ಪು ಬಾನೆಟ್:

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿ ಬರೆಯುತ್ತಿದ್ದೇನೆ.

ಐದೂವರೆ ಇಂಚಿನ ತೆಳು ಫೋಮ್ ಪ್ಯಾಡ್ ತಂದೆ. ಪ್ಲೇಟಿಗೆ ಬಿಳಿ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಎಡಗಡೆ ಹಿಂದಿನ ಬಾಗಿಲಿಗೆ ನಡುವೆ ನೇರವಾಗಿ ಟೇಪ್ ಹಚ್ಚಿ, ಒಂದು ಪಕ್ಕ ಮುಟ್ಟದೆ ಬಿಟ್ಟೆ. ಮೊದಲ ಸಾಲಿನಲ್ಲೇ ಗೆರೆ ನಿಂತಿತು. ಮೈಕ್ರಾನ್ ಸರ್ ಹೇಳಿದ ಹಾಗೆ ಮೊಣಕೈ ಇಳಿಸಿದೆ. ಸುತ್ತಿತು! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಡಿಕೆಯ ಹತ್ತಿರ ಇನ್ನೂ ನಿಧಾನವಾಗುತ್ತದೆ, ಆದರೆ ಪೂರ್ತಿ ನಿಲ್ಲುತ್ತಿಲ್ಲ. ಗಡಿಯಾರ ಇಟ್ಟು ನೋಡಿದರೆ ನಾನೂ ಅರ್ಧ ಮೀಟರನ್ನು ಆರು ಸೆಕೆಂಡಿಗೆ ದಾಟುತ್ತಿದ್ದೆ. ಇಪ್ಪತ್ತು ಸೆಕೆಂಡಿಗೆ ತರಲು ಮನಸ್ಸಿನಲ್ಲೇ ಎಣಿಸುತ್ತಾ ಹೋದೆ.

ಟೇಪ್ ಕಿತ್ತು ಬಿಸಿಲಿಗೆ ತಂದೆ. ಒಂದು ಪಕ್ಕ ಜೇಡರ ಬಲೆಯ ಹಾಗೆ ಗೀರು, ಇನ್ನೊಂದು ಪಕ್ಕ ಕಪ್ಪಂದರೆ ಕಪ್ಪು. ನಡುವೆ ನೇರ ಗೆರೆ. ಕೈ ಜೋಮು ಅರ್ಧಕ್ಕರ್ಧ ಇಳಿದಿದೆ. ಬಾಗಿಲಿಗೆ ಎರಡು ಸಲ ನಿಲ್ಲಿಸಿ ಬಿಡುವು ತೆಗೆದುಕೊಂಡೆ.

ಇನ್ನೆರಡು ಕೇಳುವುದಿದೆ. ಬಾನೆಟ್ ಮೇಲೆ ಎರಡು ಮೂರು ಆಳದ ಗೀರಿವೆ, ಡಿಎಗೆ ಬಗ್ಗುತ್ತಿಲ್ಲ. ರೋಟರಿ ಹಾಕಿ ಆಮೇಲೆ ಡಿಎ ಹಾಕಬಹುದಾ? ಮತ್ತೆ ಡಿಕ್ಕಿಯಲ್ಲಿ ನಂಬರ್ ಪ್ಲೇಟಿನ ಸುತ್ತ ಇಕ್ಕಟ್ಟಿನ ಜಾಗ ಇದೆ. ಇದೇ ಡಿಎಗೆ 3 ಇಂಚಿನ ಪ್ಲೇಟ್ ಹಾಕಿದರೆ ಆಗುತ್ತದಾ?


ಮೈಕ್ರಾನ್:

ಓದಿ ಬಹಳ ಖುಷಿಯಾಯಿತು. ಮನೆಯವರನ್ನು ಕರೆದು ತೋರಿಸಿದ್ದು ಸರಿ, ನಾನೂ ಅದನ್ನೇ ಮಾಡಿದ್ದೆ.

ಬಾನೆಟ್‌ಗೆ ಧಾರಾಳವಾಗಿ ಹಾಗೆ ಮಾಡಬಹುದು. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಅಷ್ಟು ಕ್ಲಿಯರ್ ಕೋಟ್ ಕಳೆಯುವುದು ಬೇಡ. ಸಿಕ್ಕಿಕೊಳ್ಳದಿದ್ದರೆ ಗೀರಿರುವಷ್ಟು ಜಾಗಕ್ಕೆ ಮಾತ್ರ ರೋಟರಿ. ಹಾಲೋಗ್ರಾಮ್ ಬರುತ್ತದೆ, ಬರಲಿ. ಆಮೇಲೆ ಚೆನ್ನಾಗಿ ಒರೆಸಿ, ಪ್ಯಾಡೂ ಕಾಂಪೌಂಡೂ ಬದಲಿಸಿ, ಇಡೀ ಬಾನೆಟ್‌ಗೆ ಡಿಎ. ರೋಟರಿಯ ಒರಟು ಕಾಂಪೌಂಡ್ ತಾಗಿದ ಬಟ್ಟೆಯನ್ನು ಎರಡನೇ ಸುತ್ತಿಗೆ ಬಳಸಬೇಡಿ.

ಎರಡರ ನಡುವೆ ಒಂದು ಕೆಲಸ ತಪ್ಪಿಸಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅರ್ಧಕ್ಕಿಂತ ಜಾಸ್ತಿ ನೀರು ಬೆರೆಸಿ ಒರೆಸಿ. ಪಾಲಿಶ್‌ನಲ್ಲಿರುವ ಎಣ್ಣೆ ಸಣ್ಣ ಗೆರೆಗಳೊಳಗೆ ಕೂತು ಅವನ್ನು ಮುಚ್ಚಿಡುತ್ತದೆ. ಒಂದೆರಡು ಸಲ ತೊಳೆದ ಮೇಲೆ ಎಲ್ಲ ವಾಪಸ್ ಕಾಣುತ್ತದೆ. ನಿಮ್ಮ ಹಾಲೋಗ್ರಾಮ್ ಕೂಡ ಎಷ್ಟೋ ಸಲ ಅದೇ ದಿನ ಕಾಣದೆ, ಮುಂದಿನ ವಾರ ಕಂಡಿರಬೇಕು, ಅಲ್ವಾ? ಒರೆಸಿದ ಮೇಲೆ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಸಣ್ಣ ಎಲ್‌ಇಡಿ ಟಾರ್ಚ್ ಹಿಡಿದು ಅತ್ತಿತ್ತ ಓರೆಯಾಗಿ ನೋಡಿ. ಟ್ಯೂಬ್‌ಲೈಟ್ ಬೆಳಕು ಎಲ್ಲ ಕಡೆಯಿಂದ ಬಿದ್ದು ಗೀರನ್ನು ಅಡಗಿಸುತ್ತದೆ.

3 ಇಂಚಿನ ಪ್ಲೇಟನ್ನು ಆ 15 ಮಿಮೀ ಮಷೀನ್‌ಗೆ ಹಾಕಬೇಡಿ. ಮೊದಲು ಹೇಳಿದ್ದೆನಲ್ಲ, ಒಳಗಿನ ತೂಕ 5 ಇಂಚಿನ ಪ್ಲೇಟಿಗೆ ಸರಿದೂಗಿಸಿದ್ದು. ಚಿಕ್ಕದು ಹಾಕಿದರೆ ಆ ಕಡೆಗೆ ತಕ್ಕಡಿ ತಪ್ಪುತ್ತದೆ, ಇಳಿದ ಜೋಮು ಮತ್ತೆ ಏರುತ್ತದೆ. ರೋಟರಿಗೆ ಈ ತೊಂದರೆ ಇಲ್ಲ. ಅದು ನಡುವಿನಿಂದಲೇ ತಿರುಗುವುದರಿಂದ 3 ಇಂಚಿನ ಪ್ಲೇಟ್, ಎಕ್ಸ್‌ಟೆನ್ಷನ್ ರಾಡ್ ಎರಡೂ ಕೂರುತ್ತವೆ. ಅವುಗಳ ತಿರುಪಿನ ಅಳತೆ (ಥ್ರೆಡ್) ನಿಮ್ಮ ಮಷೀನ್‌ನದ್ದೇ ಇರಬೇಕು, ಹೆಚ್ಚಿನವು ಎಂ14 ಅಳತೆಯವು. ನಂಬರ್ ಪ್ಲೇಟ್ ಬಿಚ್ಚಿಡಿ, ಅಂಚಿಗೆಲ್ಲ ಎರಡು ಪದರ ಟೇಪ್ ಹಚ್ಚಿ, ಮೆತ್ತನೆ ಪ್ಯಾಡ್, ನಿಮಿಷಕ್ಕೆ 900 ಸುತ್ತಿನ ಒಳಗೆ. ಕೊನೆಯಲ್ಲಿ ಪಟ್ಟೆ ಉಳಿದರೆ ಅದೇ ಮೆತ್ತನೆ ಪಾಲಿಶ್ ಇನ್ನೊಂದು ಪ್ಯಾಡಿಗೆ ಹಾಕಿ ಬರಿ ಕೈಯಲ್ಲೇ ಅಡ್ಡಡ್ಡ ಉಜ್ಜಿ. ಅಷ್ಟು ಸಣ್ಣ ಜಾಗಕ್ಕೆ ಕೈ ಸಾಕು.


ಕಪ್ಪು ಬಾನೆಟ್:

ಹೌದು ಸರ್, ಪ್ರತಿ ಸಲವೂ ಎರಡನೇ ತೊಳೆತಕ್ಕೇ ಕಾಣುತ್ತಿತ್ತು! ಬಾನೆಟ್ ಗೀರಿಗೆ ಉಗುರು ಎಳೆದು ನೋಡಿದೆ. ಎರಡಕ್ಕೆ ಸಿಕ್ಕಲಿಲ್ಲ, ಒಂದಕ್ಕೆ ಸಿಕ್ಕಿತು. ಆ ಒಂದನ್ನು ಹಾಗೇ ಬಿಡುತ್ತೇನೆ. ಭಾನುವಾರ ರೋಟರಿ ಮತ್ತೆ ಹೊರಗೆ ಬರುತ್ತದೆ.